ಒತ್ತಡವನ್ನು ಅರಿಯುವ ಕೈಪಟ್ಟಿ

ಕೋಲಾರದ ಚಿನ್ನದ ಗಣಿಯಲ್ಲಿ 3 ಕಿಲೋಮೀಟರಿಗೂ ಮಿಗಿಲಾದ ಆಳದಲ್ಲಿ ಬಂಡೆಗಳು ಒತ್ತಡದಿಂದ ಸಿಡಿಯುತ್ತಿದ್ದವು. ಆ ಕಂಪನಗಳನ್ನು ಮಾಪಕಗಳು ದಾಖಲಿಸುತ್ತಿದ್ದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಇಂದು ಅಲ್ಲಿಂದಲೂ ಬಂಗಾರಪೇಟೆಯಿಂದಲೂ ನಸುಕಿನಲ್ಲೇ ರೈಲನ್ನೇರಿ ಬೆಂಗಳೂರಿಗೆ ದುಡಿಯಲು ಹೋಗುವ ನಮ್ಮವರ ಮನದ ಒತ್ತಡವನ್ನು ಅರಿಯುವುದೆಂತು?

ಕೈಗಡಿಯಾರದಂತಹ ಸಾಧನವು ಚರ್ಮಕ್ಕೆ ಹಸಿರು ಬೆಳಕನ್ನು ಹಾಯಿಸಿ ನಾಡಿಬಡಿತಗಳ ನಡುವಿನ ಅಂತರವನ್ನು ಅಳೆಯುತ್ತದೆ. ಮನಸ್ಸು ಶಾಂತವಾಗಿದ್ದಾಗ ಈ ಅಂತರವು ಉಸಿರಿನೊಡನೆ ಸಹಜವಾಗಿ ಹಿಗ್ಗಿ ಕುಗ್ಗುತ್ತದೆ. ಉದ್ವೇಗದಲ್ಲಿ ಆ ಏರಿಳಿತ ತಗ್ಗುತ್ತದೆ. ಕೆಲವು ಸಾಧನಗಳು ಬೆವರಿನಿಂದ ಹೆಚ್ಚುವ ಚರ್ಮದ ವಿದ್ಯುದ್ವಾಹಕತೆಯನ್ನೂ ಗಮನಿಸುತ್ತವೆ.

ಆದರೆ ಮೆಟ್ಟಿಲೇರಿದರೂ, ಜ್ವರ ಬಂದರೂ, ಕಾಫಿ ಕುಡಿದರೂ ಅಂಕಿ ಬದಲಾಗಬಹುದು. ಯಂತ್ರವು ದೇಹದ ಕುರುಹನ್ನು ತಿಳಿಸುತ್ತದೆ, ದುಃಖದ ಕಾರಣವನ್ನಲ್ಲ. ಆದುದರಿಂದ ಅದನ್ನು ಎಚ್ಚರಿಕೆಯ ಗಂಟೆಯೆಂದಷ್ಟೇ ತಿಳಿಯೋಣ. ದಣಿದು ಬಂದವರ ಮಾತಿಗೆ ಕಿವಿಗೊಡೋಣ. ಬಾಧೆ ಮುಂದುವರಿದರೆ ವೈದ್ಯರನ್ನು ಕಾಣೋಣ ಅಥವಾ ಉಚಿತ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆಮಾಡೋಣ.