ಆಂಬುಲೆನ್ಸಿನಿಂದ ಅಡುಗೆಮನೆಯವರೆಗೆ

ಯುವವಿನಿಮಯ ಎಂಬ ಹೆಸರಿನಲ್ಲಿ ನಡೆಯುವ ಕಾರ್ಯಕ್ರಮಗಳಲ್ಲಿ ಹಲವು ಪ್ರವಾಸದ ಇನ್ನೊಂದು ರೂಪವೇ ಆಗಿದ್ದು, ತರುಣ ತರುಣಿಯರು ಪರದೇಶದ ಸ್ಮಾರಕಗಳನ್ನು ನೋಡಿ, ಸಾಂಸ್ಕೃತಿಕ ಸಂಜೆಯಲ್ಲಿ ತಮ್ಮ ನಾಡಿನ ಒಂದು ನೃತ್ಯ ಮಾಡಿ, ಫೋಟೋ ತೆಗೆಸಿಕೊಂಡು ಮರಳುವಲ್ಲಿಗೆ ಮುಗಿಯುತ್ತವೆ. ನ್ಯೂಯಾರ್ಕಿನಲ್ಲಿ ಕೇಂದ್ರ ಕಚೇರಿ ಹೊಂದಿ ಐವತ್ತಕ್ಕೂ ಹೆಚ್ಚು ದೇಶಗಳಲ್ಲಿ ಕೆಲಸ ಮಾಡುತ್ತಿರುವ ಎಎಫ್‌ಎಸ್ ಎಂಬ ಲಾಭರಹಿತ ಸಂಸ್ಥೆಯ ಹಾದಿ ಬೇರೆ. ಸಾಮಾನ್ಯವಾಗಿ ಹದಿನೈದರಿಂದ ಹದಿನೆಂಟು ವರ್ಷದೊಳಗಿನ ವಿದ್ಯಾರ್ಥಿಯೊಬ್ಬನನ್ನು ಪರದೇಶದ ಒಂದು ಕುಟುಂಬದಲ್ಲಿ ಇಡೀ ಶಾಲಾವರ್ಷ ಇರಿಸಿ, ಆ ಊರಿನ ಶಾಲೆಗೇ ಸೇರಿಸುವುದು ಅದರ ಮುಖ್ಯ ಕಾರ್ಯಕ್ರಮ. ಇಂಥ ಸಂಸ್ಥೆಯ ಮೂಲ ಶಿಕ್ಷಣ ಕ್ಷೇತ್ರದಲ್ಲಿಲ್ಲ, ಯುದ್ಧಭೂಮಿಯಲ್ಲಿದೆ.

ಎಎಫ್‌ಎಸ್ ಎಂದರೆ ಅಮೆರಿಕನ್ ಫೀಲ್ಡ್ ಸರ್ವಿಸ್. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಬೋಧಿಸಿ, ಮುಂದೆ ಅಮೆರಿಕದ ಟಂಕಸಾಲೆಯ ನಿರ್ದೇಶಕರೂ ಖಜಾನೆ ಇಲಾಖೆಯ ಸಹಾಯಕ ಕಾರ್ಯದರ್ಶಿಯೂ ಆಗಿದ್ದ ಎ. ಪಯಾಟ್ ಆಂಡ್ರೂ ಅವರು ಮೊದಲನೆಯ ಮಹಾಯುದ್ಧದ ಆರಂಭದಲ್ಲಿ ಪ್ಯಾರಿಸ್ ಸಮೀಪದ ಅಮೆರಿಕನ್ ಆಸ್ಪತ್ರೆಯ ಆಂಬುಲೆನ್ಸ್ ಚಾಲಕರಾಗಿ ಸೇರಿಕೊಂಡರು. ಅಮೆರಿಕ ಆಗಿನ್ನೂ ತಟಸ್ಥ ರಾಷ್ಟ್ರವಾಗಿದ್ದುದರಿಂದ ಅದರ ಪ್ರಜೆಗಳನ್ನು ಮುಂಚೂಣಿಗೆ ಬಿಡಲು ಫ್ರೆಂಚ್ ಸೇನೆ ಹಿಂಜರಿಯುತ್ತಿದ್ದಾಗ, ಆಂಡ್ರೂ ಸೇನಾಧಿಕಾರಿಗಳೊಡನೆ ಮಾತುಕತೆ ನಡೆಸಿ 1915ರ ಏಪ್ರಿಲ್‌ನಲ್ಲಿ ಅನುಮತಿ ಪಡೆದರು; ಸಂಸ್ಥೆ ಹುಟ್ಟಿದ್ದು ಹೀಗೆ. ಅವರ ಸ್ವಯಂಸೇವಕರು ಓಡಿಸುತ್ತಿದ್ದುದು ಫೋರ್ಡ್ ಕಂಪನಿಯ ‘ಮಾಡೆಲ್ ಟಿ’ ಗಾಡಿಗಳನ್ನು. ಹಿಂಭಾಗಕ್ಕೆ ಮರದ ಪೆಟ್ಟಿಗೆಯಂಥ ಕವಚ ಕೂರಿಸಿದ ಈ ಗಾಡಿಯಲ್ಲಿ ಮಲಗಿಸಿದರೆ ಮೂವರು, ಕೂರಿಸಿದರೆ ನಾಲ್ಕೈದು ಗಾಯಾಳುಗಳು ಹಿಡಿಯುತ್ತಿದ್ದರು. ನೋಡಲು ಬಡಕಲಾದರೂ ತೂಕ ಕಡಿಮೆಯಾದ್ದರಿಂದ ಪೂರ್ವ ಫ್ರಾನ್ಸಿನ ವೋಜ್ ಪರ್ವತಗಳಲ್ಲಿ, ಅದುವರೆಗೆ ಗಾಯಾಳುಗಳನ್ನು ಹೇಸರಗತ್ತೆಗಳ ಮೇಲೆ ಇಳಿಸಿ ತರುತ್ತಿದ್ದ ಕಡಿದಾದ ದಾರಿಗಳಲ್ಲಿ, ಅದು ಹತ್ತಿ ಇಳಿಯುತ್ತಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 2,500 ಮಂದಿ ಸೇವೆ ಸಲ್ಲಿಸಿದ್ದರು. ಅವರಲ್ಲಿ ನೂರಕ್ಕೂ ಹೆಚ್ಚು ಜನ ಪ್ರಾಣ ತೆತ್ತಿದ್ದರು.

ಎರಡನೆಯ ಮಹಾಯುದ್ಧದಲ್ಲಿ ಸಂಸ್ಥೆ ಮತ್ತೆ ಚಾಲಕರನ್ನು ಕಳುಹಿಸಿತು. ಉತ್ತರ ಆಫ್ರಿಕ ಮತ್ತು ಇಟಲಿಗಳಲ್ಲಷ್ಟೇ ಅಲ್ಲದೆ ಭಾರತ–ಬರ್ಮಾ ರಣರಂಗದಲ್ಲಿಯೂ, ಇಂಫಾಲ ಮತ್ತು ಕೊಹಿಮಾ ಕಾಳಗಗಳ ಕಾಲದಲ್ಲಿ, ಬ್ರಿಟಿಷ್ ಭಾರತೀಯ ಸೇನೆಯ ಗಾಯಾಳುಗಳನ್ನು ಅವರು ಹೊತ್ತು ತಂದರು. 1945ರ ಏಪ್ರಿಲ್‌ನಲ್ಲಿ ಬೆರ್ಗನ್–ಬೆಲ್ಸನ್ ಎಂಬ ನಾಜಿ ಯಾತನಾಶಿಬಿರ ಬ್ರಿಟಿಷ್ ಸೇನೆಯ ವಶಕ್ಕೆ ಬಂದಾಗ, ಅಲ್ಲಿ ಬದುಕುಳಿದವರನ್ನು ಆಸ್ಪತ್ರೆಗೆ ಸಾಗಿಸಿದವರಲ್ಲಿಯೂ ಈ ಚಾಲಕರಿದ್ದರು.

ಯುದ್ಧ ಮುಗಿದ ಮೇಲೆ ಸಂಸ್ಥೆಯನ್ನು ವಿಸರ್ಜಿಸಿದ್ದರೂ ಯಾರೂ ಆಕ್ಷೇಪಿಸುವಂತಿರಲಿಲ್ಲ. ಆದರೆ ಆಂಡ್ರೂ ಅವರ ನಂತರ ಅದನ್ನು ಮುನ್ನಡೆಸುತ್ತಿದ್ದ, ಹಿಂದಿನ ಯುದ್ಧದಲ್ಲಿ ಸ್ವತಃ ಚಾಲಕರಾಗಿದ್ದ ಸ್ಟೀಫನ್ ಗಲಾಟಿಯವರು 1946ರಲ್ಲಿ ಹಳೆಯ ಚಾಲಕರನ್ನು ನ್ಯೂಯಾರ್ಕಿನಲ್ಲಿ ಸೇರಿಸಿದಾಗ, ಹೈಸ್ಕೂಲು ವಿದ್ಯಾರ್ಥಿಗಳ ವಿನಿಮಯವನ್ನು ಕೈಗೆತ್ತಿಕೊಳ್ಳುವ ನಿರ್ಧಾರವಾಯಿತು. ಮೊದಲ ಮಹಾಯುದ್ಧದ ಬಳಿಕ ಫ್ರಾನ್ಸ್ ಮತ್ತು ಅಮೆರಿಕದ ನಡುವೆ ವಿಶ್ವವಿದ್ಯಾಲಯ ಮಟ್ಟದ ವಿದ್ಯಾರ್ಥಿವೇತನಗಳನ್ನು ನಡೆಸಿದ್ದ ಅನುಭವ ಸಂಸ್ಥೆಗಿತ್ತು; ಈ ಬಾರಿ ಅದು ಇನ್ನೂ ಚಿಕ್ಕ ವಯಸ್ಸಿನವರನ್ನು ಆರಿಸಿಕೊಂಡಿತು. 1947ರಲ್ಲಿ ಹತ್ತು ದೇಶಗಳ 52 ವಿದ್ಯಾರ್ಥಿಗಳು ಅಮೆರಿಕಕ್ಕೆ ಬಂದರು. ಕೆಲವೇ ವರ್ಷಗಳಲ್ಲಿ ನಿನ್ನೆಯ ಶತ್ರುದೇಶಗಳಾದ ಜರ್ಮನಿ ಮತ್ತು ಜಪಾನಿನ ಮಕ್ಕಳೂ ಅಮೆರಿಕನ್ ಮನೆಗಳಲ್ಲಿ ಊಟಕ್ಕೆ ಕುಳಿತರೆಂಬುದು, ಆ ಮನೆಗಳಲ್ಲಿ ಯುದ್ಧದಲ್ಲಿ ಮಗನನ್ನು ಕಳೆದುಕೊಂಡವುಗಳೂ ಇದ್ದಿರಬಹುದೆಂದು ನೆನೆದಾಗ, ಸಣ್ಣ ಸಂಗತಿಯೆನಿಸುವುದಿಲ್ಲ.

ವಿದ್ಯಾರ್ಥಿಯನ್ನು ಇರಿಸಿಕೊಳ್ಳುವ ಮನೆಗೆ ಆತಿಥೇಯ ಕುಟುಂಬವೆಂದು ಹೆಸರು. ಬಹುತೇಕ ದೇಶಗಳಲ್ಲಿ ಅದಕ್ಕೆ ಯಾವ ಹಣವೂ ಸಂದಾಯವಾಗುವುದಿಲ್ಲ. ನಮ್ಮಲ್ಲಿ ಹಿಂದೆ ಬಡ ವಿದ್ಯಾರ್ಥಿಗಳಿಗೆ ಆಸರೆಯಾಗಿದ್ದ ವಾರಾನ್ನದಲ್ಲಿಯೂ ಮನೆಯವರು ಪ್ರತಿಫಲ ಬಯಸುತ್ತಿರಲಿಲ್ಲವಾದರೂ, ಅಲ್ಲಿ ಹುಡುಗ ಉಂಡು ಹೋಗುವವನಾಗಿದ್ದ. ಇಲ್ಲಿ ಅವನು ತಟ್ಟೆ ತೊಳೆಯುವ, ಕಸ ಹೊರಗಿಡುವ, ರಾತ್ರಿ ತಡವಾದರೆ ಬೈಸಿಕೊಳ್ಳುವ ಮನೆಯ ಮಗನಾಗಬೇಕು. ಪರಸಂಸ್ಕೃತಿಯ ನಿಜವಾದ ಪರಿಚಯ ಸಿಗುವುದು ಇಲ್ಲಿಯೇ. ಕೋಣೆಯ ಬಾಗಿಲು ಹಾಕಿಕೊಂಡರೆ ಒಂದು ದೇಶದಲ್ಲಿ ಅದು ಸಹಜ, ಇನ್ನೊಂದರಲ್ಲಿ ಮುನಿಸು. ಫ್ರಿಜ್ಜನ್ನು ಕೇಳದೆ ತೆರೆದರೆ ಒಂದು ಮನೆಯಲ್ಲಿ ಸಲಿಗೆ, ಇನ್ನೊಂದರಲ್ಲಿ ಅತಿರೇಕ. ಇಂಥವನ್ನು ಯಾವ ಪಠ್ಯಪುಸ್ತಕವೂ ಕಲಿಸುವುದಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್ಪೋರ್ಟ್ 1954ರಲ್ಲಿ ಪೂರ್ವಗ್ರಹದ ಸ್ವರೂಪ ಕುರಿತು ಬರೆದ ಗ್ರಂಥದಲ್ಲಿ, ಬೇರೆ ಬೇರೆ ಗುಂಪಿನ ಜನ ಒಂದೆಡೆ ಸೇರಿದ ಮಾತ್ರಕ್ಕೆ ಪೂರ್ವಗ್ರಹ ಅಳಿಯುವುದಿಲ್ಲವೆಂದೂ, ಸಮಾನ ಸ್ಥಾನ, ಸಮಾನ ಗುರಿ, ಪರಸ್ಪರ ಸಹಕಾರ ಮತ್ತು ಸಂಸ್ಥೆಯ ಬೆಂಬಲ ಈ ನಾಲ್ಕೂ ಇದ್ದಾಗ ಮಾತ್ರ ಅದು ಚೆನ್ನಾಗಿ ಸಡಿಲವಾಗುತ್ತದೆಂದೂ ವಾದಿಸಿದರು. ಪ್ರವಾಸಿಗೆ ಇವುಗಳಲ್ಲಿ ಒಂದೂ ದಕ್ಕುವುದು ಕಷ್ಟ; ಮನೆಯೊಳಗಿದ್ದು ಶಾಲೆಗೆ ಹೋಗುವವನಿಗೆ ನಾಲ್ಕೂ ಸಾಕಷ್ಟು ಮಟ್ಟಿಗೆ ದಕ್ಕುತ್ತವೆ. ಹಾಗೆಂದು ದಾರಿ ಸುಗಮವೇನಲ್ಲ. ಹೊಸ ನಾಡಿನಲ್ಲಿ ಪರಿಚಿತ ಸಂಕೇತಗಳೆಲ್ಲ ಕೈಕೊಟ್ಟಾಗ ಉಂಟಾಗುವ ಕಳವಳಕ್ಕೆ ಸಮಾಜವಿಜ್ಞಾನಿಗಳು ಸಂಸ್ಕೃತಿ ಆಘಾತವೆನ್ನುತ್ತಾರೆ. ಆರಂಭದ ಉತ್ಸಾಹ, ನಡುವಿನ ಕುಸಿತ, ಆಮೇಲಿನ ಚೇತರಿಕೆ ಎಂಬ ಅದರ ಏರಿಳಿತ ಎಲ್ಲರಲ್ಲೂ ಒಂದೇ ತೆರನಾಗಿರುವುದಿಲ್ಲವಾದರೂ, ಹೊರಡುವ ಮುನ್ನ, ತಲುಪಿದ ಮೇಲೆ, ನಡುವಿನಲ್ಲಿ ಮತ್ತು ಮರಳುವ ಹೊತ್ತಿನಲ್ಲಿ ಶಿಬಿರಗಳನ್ನು ನಡೆಸುವ ಎಎಫ್‌ಎಸ್‌ನ ಪದ್ಧತಿಯ ಹಿಂದೆ ಈ ತಿಳಿವಳಿಕೆಯಿದೆ. ಮನೆಯವರಿಗೂ ವಿದ್ಯಾರ್ಥಿಗೂ ಹೊಂದದಿದ್ದಾಗ ಮಧ್ಯೆ ನಿಂತು ಮಾತನಾಡಲು ಸ್ಥಳೀಯ ಸ್ವಯಂಸೇವಕರೊಬ್ಬರಿರುತ್ತಾರೆ. ಎಷ್ಟು ಮಾಡಿದರೂ ಸರಿಹೋಗದಿದ್ದರೆ ಮನೆ ಬದಲಾಯಿಸುವುದೂ ಉಂಟು. ವಿದ್ಯಾರ್ಥಿಗಳಿಗೆ ವಿಧಿಸುವ ಕಟ್ಟುನಿಟ್ಟಿನ ನಿಷೇಧಗಳಲ್ಲಿ ವಾಹನ ಚಾಲನೆಯೂ ಸೇರಿದೆ. ಚಾಲಕರೇ ಕಟ್ಟಿದ ಸಂಸ್ಥೆಯಲ್ಲಿ ಸ್ಟಿಯರಿಂಗ್ ಮುಟ್ಟಿದವನನ್ನು ಊರಿಗೆ ಕಳುಹಿಸಿಬಿಡಬಹುದೆಂಬುದು ಚರಿತ್ರೆಯ ತಮಾಷೆ.

ಸಂಸ್ಥೆಯ ಆದರ್ಶವನ್ನು ಒಪ್ಪಿಕೊಂಡೂ ಕೆಲವು ಪ್ರಶ್ನೆಗಳನ್ನು ಕೇಳಲೇಬೇಕಾಗುತ್ತದೆ. ವಿದ್ಯಾರ್ಥಿ ವಿನಿಮಯದ ಮೊದಲ ಎರಡು ದಶಕಗಳಲ್ಲಿ ಎಲ್ಲ ದಾರಿಗಳೂ ಅಮೆರಿಕಕ್ಕೆ, ಇಲ್ಲವೆ ಅಮೆರಿಕದಿಂದ ಇದ್ದವು. ಅಮೆರಿಕವನ್ನು ಹಾಯದೆ ಇತರ ದೇಶಗಳು ತಮ್ಮತಮ್ಮಲ್ಲೇ ವಿದ್ಯಾರ್ಥಿಗಳನ್ನು ವಿನಿಮಯ ಮಾಡಿಕೊಳ್ಳುವ ವ್ಯವಸ್ಥೆ ಬಂದದ್ದು 1970ರ ದಶಕದಲ್ಲಿ. ಶೀತಲ ಸಮರದ ಕಾಲದಲ್ಲಿ ಇಂಥ ಆತಿಥ್ಯಕ್ಕೆ ರಾಜತಂತ್ರದ ಬಣ್ಣ ತಾಗದಿರಲಿಲ್ಲ. 2001ರ ಸೆಪ್ಟೆಂಬರ್ ದಾಳಿಗಳ ನಂತರ, ಗಣನೀಯ ಮುಸ್ಲಿಂ ಜನಸಂಖ್ಯೆಯುಳ್ಳ ದೇಶಗಳ ಮಕ್ಕಳಿಗಾಗಿ ಅಮೆರಿಕ ಸರ್ಕಾರ ಆರಂಭಿಸಿದ ಕೆನಡಿ–ಲೂಗರ್ ವಿದ್ಯಾರ್ಥಿವೇತನ ಭಾರತಕ್ಕೂ ಬಂದು, ಇಲ್ಲಿ ಎಎಫ್‌ಎಸ್ ಮೂಲಕವೇ ನಡೆಯಿತು. ಇದರ ಹಿಂದಿನ ಲೆಕ್ಕಾಚಾರ ಗುಟ್ಟೇನಲ್ಲ. ಆದರೆ ಲೆಕ್ಕಾಚಾರ ಮಾಡಿದವರು ಬಯಸಿದ್ದನ್ನೇ ಹದಿಹರೆಯದವರು ಕಲಿಯುತ್ತಾರೆಂಬ ಖಾತರಿಯೂ ಇಲ್ಲ. ಹೀಗೆ ಹೋದವರು ಮುಂದೆ ಹಿಡಿದ ದಾರಿಗಳೂ ಬೇರೆ ಬೇರೆ. ಯೂರೋಪಿನ ಕೇಂದ್ರ ಬ್ಯಾಂಕಿನ ಅಧ್ಯಕ್ಷರಾದ ಕ್ರಿಸ್ಟೀನ್ ಲಗಾರ್ಡ್ 1970ರ ದಶಕದಲ್ಲಿ ಫ್ರಾನ್ಸಿನಿಂದ ಅಮೆರಿಕದ ಮೇರಿಲ್ಯಾಂಡಿಗೆ ಹೋದ ಎಎಫ್‌ಎಸ್ ವಿದ್ಯಾರ್ಥಿನಿ. ಇಟಲಿಯ ಗಗನಯಾತ್ರಿ ಸಮಂತಾ ಕ್ರಿಸ್ಟೊಫೊರೆಟ್ಟಿ ಅದರ ಇಟಾಲಿಯನ್ ಶಾಖೆಯ ಮೂಲಕ ಮಿನ್ನೆಸೋಟದಲ್ಲಿ ಒಂದು ವರ್ಷ ಓದಿದವರು.

ಇದಕ್ಕಿಂತ ಕಠಿಣವಾದ ಪ್ರಶ್ನೆ ಹಣದ್ದು. ಮನೆ ಉಚಿತವಾದರೂ ವಿಮಾನ, ವಿಮೆ, ಶಿಬಿರ, ಆಡಳಿತ ಎಲ್ಲವೂ ಸೇರಿದ ಶುಲ್ಕ ಮಧ್ಯಮವರ್ಗದ ಭಾರತೀಯ ಕುಟುಂಬಕ್ಕೆ ಭಾರವೇ. ಕರ್ನಾಟಕದ ಪೋಷಕರಿಗೆ ಅದಕ್ಕಿಂತಲೂ ಭಾರವಾಗಿ ಕಾಣುವುದು ಎಸ್‌ಎಸ್‌ಎಲ್‌ಸಿ, ಪಿಯುಸಿ, ಸಿಇಟಿ, ನೀಟ್ ಎಂಬ ಸರಪಳಿಯ ನಡುವೆ ‘ಒಂದು ವರ್ಷ ಹಾಳಾಗುತ್ತದೆ’ ಎಂಬ ಭಯ. ಇಂಥವರನ್ನೂ ಮುಟ್ಟಲು ಕೆಲವೇ ವಾರಗಳ ಕಿರು ಕಾರ್ಯಕ್ರಮಗಳೂ ಆನ್‌ಲೈನ್ ಕಲಿಕೆಯೂ ಈಗ ಇವೆ. ಇವು ಹೆಚ್ಚು ಮಂದಿಗೆ ಬಾಗಿಲು ತೆರೆಯುವುದು ನಿಜವಾದರೂ, ಮೂರು ನಾಲ್ಕು ವಾರಗಳಲ್ಲಿ ಯಾವ ಮನೆಯೂ ಬಂದವನ ಕೈಗೆ ತಟ್ಟೆ ತೊಳೆಯಲು ಕೊಡುವುದಿಲ್ಲ. ಅತಿಥಿಯ ಮರ್ಯಾದೆ ಕಳೆಯುವ ಮೊದಲೇ ಹೊರಡುವ ದಿನ ಬಂದಿರುತ್ತದೆ.