ಪಿಂಜರಾಪೋಲುಗಳೂ ಗ್ರಾಮಸ್ಥರ ಕರ್ತವ್ಯವೂ

ಉಳುವ ಶಕ್ತಿ ಉಡುಗಿದ ಎತ್ತು, ಬತ್ತಿದ ಹಸು, ಕಾಲುಮುರಿದ ಕರು ಇವುಗಳನ್ನು ಸಾಯುವವರೆಗೂ ಸಾಕುವ ಧರ್ಮಸಂಸ್ಥೆಗೆ ಪಿಂಜರಾಪೋಲ್ ಎಂದು ಹೆಸರು. ಈ ಹೆಸರೂ ಪದ್ಧತಿಯೂ ಗುಜರಾತ್ ಸೀಮೆಯವು. ಬೀದಿನಾಯಿಗಳನ್ನು ಕೊಲ್ಲಿಸುವ ಸರ್ಕಾರಿ ಆಜ್ಞೆಯ ದೆಸೆಯಿಂದ 1832ರಲ್ಲಿ ಮುಂಬಯಿಯಲ್ಲಿ ದೊಡ್ಡ ಗಲಭೆಯಾಗಲು, ಜಮ್‌ಷೇಟ್‌ಜೀ ಜೀಜೀಭಾಯಿಯವರೂ ಮೋತೀಚಂದ್ ಅಮೀಚಂದರೂ 1834ರಲ್ಲಿ ಅಲ್ಲಿ ಇಂಥ ಸಂಸ್ಥೆಯನ್ನು ಸ್ಥಾಪಿಸಿದರು. ನಮ್ಮ ನಾಡಿನಲ್ಲಿ ಮೈಸೂರಿನ ಚಾಮುಂಡಿಬೆಟ್ಟದ ತಪ್ಪಲಿನಲ್ಲಿರುವ ಪಿಂಜರಾಪೋಲ್ ಅನೇಕರಿಗೆ ತಿಳಿದದ್ದೇ ಆಗಿದೆ.

ಇಂಥ ಸ್ಥಳಗಳಲ್ಲಿ ನಡೆಯುವ ಕೆಲಸವು ಹುಲ್ಲು ಹಾಕಿ ನೀರು ತೋರಿಸುವುದಷ್ಟೇ ಎಂದು ಬಹುಮಂದಿ ರೈತರ ಭಾವನೆ. ಅದು ಸರಿಯಲ್ಲ. ಹೊಸದಾಗಿ ಬಂದ ರಾಸನ್ನು ಕೂಡಲೇ ಮಂದೆಗೆ ಬಿಡದೆ ಕೆಲವು ವಾರ ಬೇರೆಯಿರಿಸಿ ನೋಡತಕ್ಕದ್ದು. ಇಲ್ಲದಿದ್ದರೆ ಒಂದು ಕಾಲುಬಾಯಿ ಜ್ವರದ ಹಸುವಿನಿಂದ ಕೊಟ್ಟಿಗೆಯೆಲ್ಲ ಹಾಳಾಗುವುದು. ಕೊಂಬು ಬಲವಾದ ರಾಸುಗಳು ಮುದಿಯವನ್ನು ಗೋದಲೆಯ ಹತ್ತಿರ ಸೇರಿಸವಾದ್ದರಿಂದ ಇವೆರಡಕ್ಕೂ ಬೇರೆ ಬೇರೆ ಸಾಲುಗಳಿರಬೇಕು. ಹಲ್ಲು ಸವೆದ ಎತ್ತು ಉದ್ದನೆಯ ರಾಗಿಹುಲ್ಲನ್ನು ಅಗಿಯಲಾರದು. ಹುಲ್ಲನ್ನು ಸಣ್ಣಗೆ ಕತ್ತರಿಸಿ ನೀರಿನಲ್ಲಿ ನೆನೆಸಿ ಹಾಕಬೇಕು. ಏಳಲಾರದೆ ಮಲಗಿದ ದನವನ್ನು ದಿನಕ್ಕೆ ಹಲವು ಬಾರಿ ಮಗ್ಗುಲು ಬದಲಿಸಿ, ದಪ್ಪನಾಗಿ ಹುಲ್ಲು ಹಾಸದಿದ್ದರೆ ಹುಣ್ಣು ಬೀಳುವುದು. ಪೇಟೆಯ ಬೀದಿಗಳಿಂದ ಬಂದ ಹಸುಗಳ ಪಾಡು ಇನ್ನೂ ಕಷ್ಟ. ಅವುಗಳ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಚೀಲಗಳು ಗಂಟುಕಟ್ಟಿ, ಮೇವು ತಿಂದರೂ ಮೈಗೂಡದೆ ಸೊರಗುವುವು. ಪಶುವೈದ್ಯರು ಎಡಮಗ್ಗುಲನ್ನು ಕೊಯ್ದು ಆ ಗಂಟನ್ನು ತೆಗೆಯಬೇಕಾಗುತ್ತದೆ.

ಈಗ ಖರ್ಚಿನ ಮಾತು. ಸುಮಾರು 300 ಕಿಲೋ ತೂಕದ ಎತ್ತಿಗೆ ದಿನವೊಂದಕ್ಕೆ 6 ಕಿಲೋ ಒಣಮೇವೆಂದರೂ ವರ್ಷಕ್ಕೆ 2 ಟನ್ನಿಗೆ ಮೇಲಾಯಿತು. ಎತ್ತನ್ನು ಪಿಂಜರಾಪೋಲಿನ ಬಾಗಿಲಲ್ಲಿ ಬಿಟ್ಟು, ಪುಣ್ಯ ಕಟ್ಟಿಕೊಂಡೆವೆಂದು ಹಿಂದಿರುಗುವ ಯಜಮಾನರು ಈ 2 ಟನ್ನನ್ನು ಯಾರು ಕೊಡುವರೆಂದು ಯೋಚಿಸಿದಂತೆ ಕಾಣುವುದಿಲ್ಲ. ಹತ್ತು ವರ್ಷ ನೊಗಹೊತ್ತ ಎತ್ತಿನ ಜೊತೆಗೆ ಒಂದು ಗಾಡಿ ಹುಲ್ಲನ್ನೂ ಕಳುಹಿಸುವುದು ನ್ಯಾಯವೆಂದು ನಮ್ಮ ಅಭಿಪ್ರಾಯ.

ಹಾಗಲ್ಲದೆ ಮುದಿ ಎತ್ತನ್ನು ಊರಲ್ಲೇ ಇಟ್ಟುಕೊಳ್ಳುವುದರಿಂದ ನಷ್ಟವೇ ಎಂಬುದನ್ನೂ ಲೆಕ್ಕಹಾಕಿ ನೋಡಬೇಕು. ದಿನಕ್ಕೆ 10 ಕಿಲೋ ಸಗಣಿಯಂತೆ ವರ್ಷಕ್ಕೆ 3,650 ಕಿಲೋ ಆಗುವುದು. ಇದನ್ನು ಗಂಜಲ, ಕಸಕಡ್ಡಿಗಳೊಡನೆ ಗುಂಡಿಗೆ ಹಾಕಿ, ಬಿಸಿಲು ಮಳೆ ತಾಗದಂತೆ ಕೊಳೆಯಿಸಿದರೆ, ಎಕರೆಗೆ ಸುಮಾರು 3 ಟನ್ ಗೊಬ್ಬರ ಬೇಡುವ ಖುಷ್ಕಿ ರಾಗಿಗೆ ದೊಡ್ಡ ಪಾಲೇ ದೊರೆಯಿತು. ಸಗಣಿಯನ್ನು ಬೆರಣಿ ತಟ್ಟಿ ಒಲೆಗೆ ಹಾಕುವವರಿಗೆ ಮಾತ್ರ ಈ ಲೆಕ್ಕ ಅನ್ವಯಿಸದು.

ಊರವರು ಕೂಡಿ ಪಿಂಜರಾಪೋಲಿಗೆ ಭತ್ತದ ಹುಲ್ಲನ್ನು ಕೊಡುವುದಾದರೆ ಅದನ್ನು ಸತ್ವಯುತವಾಗಿ ಮಾಡಿಕೊಡಬಹುದು. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು 40ರಿಂದ 50 ಲೀಟರ್ ನೀರಿನಲ್ಲಿ ಚೆನ್ನಾಗಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ 3 ವಾರ ಮುಚ್ಚಿಡತಕ್ಕದ್ದು. ತೆರೆದಮೇಲೆ ಸ್ವಲ್ಪ ಹೊತ್ತು ಗಾಳಿಗೆ ಹರವಿ, ಘಾಟು ಹೋದ ನಂತರ ಹಾಕಬೇಕು. ಯೂರಿಯಾ ಕರಗಿಸಿದ ನೀರು ದನಗಳಿಗೆ ವಿಷಪ್ರಾಯವಾದ್ದರಿಂದ ಅದನ್ನು ಅವುಗಳ ಬಾಯಿಗೆಟುಕುವಂತೆ ಇಡಕೂಡದು. ಎಳೆಗರುಗಳಿಗೆ ಈ ಹುಲ್ಲು ಬೇಡ.

ಅನೇಕ ಎತ್ತುಗಳು ವಯಸ್ಸಿನಿಂದಲ್ಲ, ದುಡಿಸುವ ಕ್ರಮದಿಂದ ಹಾಳಾಗುತ್ತವೆ. ಒರಟು ನೊಗದಿಂದ ಹೆಗಲು ಹುಣ್ಣಾದರೂ ಗಾಡಿ ಕಟ್ಟುವವರನ್ನು ಈಗಲೂ ಕಾಣುತ್ತೇವೆ. 1965ರ ಕೇಂದ್ರ ನಿಯಮಗಳ ಪ್ರಕಾರ ಹೊರೆಯೆಳೆಯುವ ಪಶುವನ್ನು ದಿನಕ್ಕೆ 9 ಗಂಟೆಗೆ ಮೀರಿ, ವಿಶ್ರಾಂತಿಯಿಲ್ಲದೆ 5 ಗಂಟೆಗೆ ಮೀರಿ ದುಡಿಸಕೂಡದು. ಉಷ್ಣತೆ 37 ಡಿಗ್ರಿಗೆ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕಟ್ಟಲೇಕೂಡದು. ಹಸಿವೆ ಬಾಯಾರಿಕೆಗಳಿಂದ ನರಳುವಂತೆ ಪಶುವನ್ನು ಬಿಟ್ಟುಬಿಡುವುದು 1960ರ ಶಾಸನದಂತೆ ಅಪರಾಧ. ಮೊದಲ ತಪ್ಪಿಗೆ ಅದರಲ್ಲಿ ವಿಧಿಸಿದ ದಂಡ 10ರಿಂದ 50 ರೂಪಾಯಿ. ಎತ್ತಿನ ಕೆಲವು ದಿನಗಳ ಹುಲ್ಲಿಗೂ ಸಾಲದ ಹಣ!

ಪಿಂಜರಾಪೋಲಿಗೆ ರಾಸನ್ನು ಕಳುಹಿಸುವವರು ಮೊದಲು ಅಲ್ಲಿ ಸ್ಥಳವುಂಟೇ ಎಂದು ಕೇಳಿ ತಿಳಿಯಬೇಕು. ಪ್ರಯಾಣಕ್ಕೆ ರಾಸು ಯೋಗ್ಯವೆಂಬ ಪಶುವೈದ್ಯರ ಪತ್ರ ಅವಶ್ಯಕ. ಸಾಗಾಟಕ್ಕೆ ರಾಜ್ಯದಲ್ಲಿರುವ ಇತರ ನಿಬಂಧನೆಗಳನ್ನೂ ಅವರಲ್ಲಿಯೇ ವಿಚಾರಿಸುವುದು ಲೇಸು. ಒಂದು ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನಗಳನ್ನು ತುಂಬಕೂಡದು. ಹೊರಡುವ ಮುನ್ನ ಮೇವು ನೀರು ಕೊಟ್ಟು, ಕಾಲು ಜಾರದಂತೆ ನೆಲಕ್ಕೆ ಹುಲ್ಲು ಹಾಸಿರಬೇಕು.