ಬಣ್ಣದ ವಯಸ್ಸು ಬೆಳಕಿಗೆ ಗೊತ್ತೇ?

ಮಂಗಳೂರಿನ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್‌ ನೋಡಲು ಬಂದವರಲ್ಲಿ ಹೆಚ್ಚಿನವರು ಅಲ್ಲಿರುವುದೆಲ್ಲ ಫ್ರೆಸ್ಕೋ ಎಂದು ನಂಬಿಯೇ ಹೊರಡುತ್ತಾರೆ. ಇದು ಅರ್ಧ ಸತ್ಯ. ಇಟಲಿಯ ಬೆರ್ಗಾಮೊ ಕಡೆಯ ಜೆಸ್ವಿಟ್ ಸಹೋದರ ಆಂಟೋನಿಯೊ ಮೊಸ್ಕೆನಿ 1899ರಿಂದ 1901ರವರೆಗೆ ಇಲ್ಲಿ ಎರಡು ಬಗೆಯಲ್ಲಿ ಕೆಲಸ ಮಾಡಿದರು: ಸುಣ್ಣದ ಹಸಿ ಗಾರೆಯ ಮೇಲೆ ಫ್ರೆಸ್ಕೋ, ಕ್ಯಾನ್ವಾಸ್ ಮೇಲೆ ತೈಲವರ್ಣ. ಫ್ರೆಸ್ಕೋದಲ್ಲಿ ಗಾರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗುವಾಗ ಬಣ್ಣವೂ ಅದರೊಳಗೇ ಸೆರೆಯಾಗುತ್ತದೆ. ತೈಲವರ್ಣ ಬಟ್ಟೆಯ ಮೇಲಿನ ಪದರ. ಎರಡರ ಆಯುಷ್ಯ, ಕಾಯಿಲೆ, ಪರೀಕ್ಷೆ ಎಲ್ಲವೂ ಬೇರೆ.

ಪರೀಕ್ಷೆ ಎಂದೊಡನೆ ಚಿತ್ರದ ಚೂರೊಂದನ್ನು ಕೆರೆದು ಪ್ರಯೋಗಾಲಯಕ್ಕೆ ಒಯ್ಯಬೇಕು ಎಂಬ ಭಯ ಹಲವರಿಗಿದೆ. ಈಗ ಬಹಳಷ್ಟು ಕೆಲಸ ಚಿತ್ರವನ್ನು ಮುಟ್ಟದೆಯೇ ಆಗುತ್ತದೆ. ಅವಕೆಂಪು ಕಿರಣದಲ್ಲಿ ಬಣ್ಣದಡಿಯ ಇದ್ದಿಲ ಗೆರೆಗಳು ಕಾಣಬಹುದು. ಕೈಯಲ್ಲಿ ಹಿಡಿಯುವ ಕ್ಷ-ಕಿರಣ ಯಂತ್ರ ಬಣ್ಣದಲ್ಲಿರುವ ಧಾತುಗಳನ್ನು ಹೇಳುತ್ತದೆ. 1928ರಲ್ಲಿ ಸಿ.ವಿ. ರಾಮನ್ ಕಂಡ ಪರಿಣಾಮವೂ ಇಲ್ಲಿ ಬಳಕೆಯಲ್ಲಿದೆ: ಲೇಸರ್ ಬೆಳಕು ಚದುರುವಾಗ ಅದರ ತರಂಗಾಂತರದಲ್ಲಿ ಆಗುವ ಸಣ್ಣ ಬದಲಾವಣೆಯಿಂದ ಆ ಬಣ್ಣ ಯಾವ ವಸ್ತುವಿನದು ಎಂದು ಗುರುತಿಸಬಹುದು.

ಹಾಗಾದರೆ ಯಂತ್ರ ಹಿಡಿದರೆ ಚಿತ್ರ ಬರೆದ ವರ್ಷ ತಿಳಿಯುತ್ತದೆಯೇ? ಇಲ್ಲ. ಎಲ್ಲಕ್ಕಿಂತ ದೊಡ್ಡ ತಪ್ಪು ಕಲ್ಪನೆ ಇದೇ. ಬೆಳಕು ಹೇಳುವುದು ವಸ್ತುವನ್ನು, ಕಾಲವನ್ನಲ್ಲ. ಕಾಲವನ್ನು ನಾವು ಊಹಿಸುವುದು ಆ ವಸ್ತುವಿನ ಚರಿತ್ರೆಯಿಂದ. ಮೊಸ್ಕೆನಿ ತೀರಿಕೊಂಡದ್ದು 1905ರಲ್ಲಿ. ಟೈಟಾನಿಯಂ ಬಿಳಿ ಚಿತ್ರಕಾರರ ಕೈಗೆ ಬಂದದ್ದು 1920ರ ಆಸುಪಾಸಿನಲ್ಲಿ, ಥ್ಯಾಲೊಸಯನಿನ್ ನೀಲಿ 1930ರ ದಶಕದಲ್ಲಿ. ಇವೆರಡರಲ್ಲಿ ಒಂದು ಸಿಕ್ಕರೂ ಆ ಜಾಗದ ಬಣ್ಣ ಅವರ ಕುಂಚದ್ದಲ್ಲ. ಸಿಗದಿದ್ದರೆ? ಅವರದೇ ಎಂದು ಸಾಬೀತಾಗುವುದಿಲ್ಲ, ಇರಬಹುದು, ಅಷ್ಟೆ.

ಇಲ್ಲೂ ಅವಸರ ಸಲ್ಲದು. ಮಣ್ಣಿನ ಬಣ್ಣಗಳಲ್ಲಿ, ನಮ್ಮ ಕರಾವಳಿಯ ಮುರಕಲ್ಲಿನ ಧೂಳಿನಲ್ಲಿ ಕೂಡ ಟೈಟಾನಿಯಂ ಸ್ವಲ್ಪ ಇದ್ದೇ ಇರುತ್ತದೆ. ಧಾತು ಕಂಡಿತೆಂದು ತೀರ್ಪು ಕೊಡುವ ಮೊದಲು ಅದು ಕಾರ್ಖಾನೆಯ ಬಿಳಿಯೋ ಮಣ್ಣಿನ ಅಂಶವೋ ಎಂಬುದನ್ನು ರಾಮನ್ ವಿಧಾನದಿಂದ ನೋಡಬೇಕಾಗುತ್ತದೆ.

ನೇರಳಾತೀತ ದೀಪದಡಿ ಕಪ್ಪಾಗಿ ಕಂಡದ್ದೆಲ್ಲ ನಕಲಿ ಎಂಬ ಮಾತೂ ಇದೆ. ಹಳೆಯ ವಾರ್ನಿಷ್ ಆ ದೀಪದಲ್ಲಿ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ, ಅದರ ಮೇಲೆ ಈಚೆಗೆ ಹಚ್ಚಿದ ಬಣ್ಣ ಕಪ್ಪಾಗಿ ಉಳಿಯುತ್ತದೆ. ಆದರೆ ಅಲೋಶಿಯಸ್ ಚಾಪೆಲ್‌ನ ಚಿತ್ರಗಳನ್ನು 1990ರ ದಶಕದಲ್ಲಿ ಪರಂಪರೆ ಕಾಪಾಡುವ ಸಂಸ್ಥೆಯಾದ ಇಂಟ್ಯಾಕ್ ಸಂರಕ್ಷಿಸಿದೆ. ಇಂಥ ಕಡೆ ಕಪ್ಪು ತೇಪೆ ಎಂದರೆ ಮೋಸವಲ್ಲ, ಆರೈಕೆಯ ಗುರುತು.

ಚರ್ಚುಗಳ ಬಣ್ಣದ ಗಾಜಿನ ವಿಷಯದಲ್ಲಂತೂ ಒಂದು ಕಟ್ಟುಕತೆ ಶಾಲೆಯ ಪಾಠದವರೆಗೂ ಹೋಗಿದೆ: ಗಾಜು ನಿಧಾನವಾಗಿ ಹರಿಯುವ ದ್ರವ, ಆದ್ದರಿಂದ ಹಳೆಯ ಕಿಟಕಿಗಳ ಬುಡ ದಪ್ಪ ಎಂದು. ಕೋಣೆಯ ಉಷ್ಣತೆಯಲ್ಲಿ ಗಾಜು ಕಣ್ಣಿಗೆ ಕಾಣುವಷ್ಟು ಹರಿಯಲು ವಿಶ್ವದ ವಯಸ್ಸೂ ಸಾಲದು. ಅಂದಿನವರು ಗಾಜನ್ನು ಊದಿ, ತಿರುಗಿಸಿ ಹಾಳೆ ಮಾಡುತ್ತಿದ್ದರಿಂದ ದಪ್ಪ ಎಲ್ಲೆಡೆ ಒಂದೇ ಸಮ ಬರುತ್ತಿರಲಿಲ್ಲ. ದಪ್ಪ ನೋಡಿ ಕಿಟಕಿಯ ವಯಸ್ಸು ಹೇಳುವುದು ಬರೀ ಊಹೆ.

ಗಾಜಿನ ನಿಜವಾದ ಸಾಕ್ಷಿ ಅದರ ಮಿಶ್ರಣದಲ್ಲಿದೆ. ನೀಲಿ ಬಂದದ್ದು ಕೋಬಾಲ್ಟ್‌ನಿಂದಲೋ ತಾಮ್ರದಿಂದಲೋ ಎಂಬುದು ಗಾಜು ಬೆಳಕಿನ ಯಾವ ತರಂಗಗಳನ್ನು ನುಂಗುತ್ತದೆ ಎಂಬುದರಿಂದಲೇ ತಿಳಿಯುತ್ತದೆ. ಇಂಗ್ಲೆಂಡಿನ ಕ್ಯಾಂಟರ್‌ಬರಿ ಕೆಥೆಡ್ರಲ್‌ನಲ್ಲಿ ಕ್ರಿಸ್ತನ ಪೂರ್ವಜರನ್ನು ಚಿತ್ರಿಸಿದ ಕಿಟಕಿಗಳಿವೆ. ಅವುಗಳ ಸೀಸದ ಪಟ್ಟಿಗಳು ಕ್ಷ-ಕಿರಣ ಯಂತ್ರಕ್ಕೆ ಅಡ್ಡ ಬರುತ್ತಿದ್ದವು. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು ಯಂತ್ರದ ಮೂತಿಗೆ ತೊಡಿಸುವ ಸಣ್ಣ ಸಾಧನವೊಂದನ್ನು 3ಡಿ ಮುದ್ರಣದಲ್ಲಿ ತಯಾರಿಸಿಕೊಂಡು ಆ ತೊಡಕು ಕಳೆದರು. 2021ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಕೆಲವು ಫಲಕಗಳು 1130–1160ರ ನಡುವಿನವು ಇರಬೇಕು; ಎಂದರೆ 1174ರಲ್ಲಿ ಕೆಥೆಡ್ರಲ್‌ಗೆ ಬಿದ್ದ ಬೆಂಕಿಗಿಂತ ಹಳೆಯವು. ಕಲಾ ಇತಿಹಾಸಕಾರ್ತಿ ಮ್ಯಾಡೆಲಿನ್ ಕ್ಯಾವಿನೆಸ್ ಬರೀ ಶೈಲಿಯನ್ನು ಗಮನಿಸಿ 1980ರ ದಶಕದಲ್ಲೇ ಹೀಗೆ ವಾದಿಸಿದ್ದರು.